ಒಂದೇ ವಿಳಾಸ

ಪ್ರೊಫೆಸರ್ ವೈಟ್‌ಲಾ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಸೇಬು ತಿನ್ನುತ್ತಿದ್ದ. ಅವನು ಕಚ್ಚಿದಾಗಲೆಲ್ಲ ಏಳುವ ಕರಕರ ಸದ್ದು ತನ್ನ ದವಡೆಯೊಳಗೇ ಆಗುತ್ತಿದೆ ಎನ್ನಿಸಿ ಕೊರಾಲೀ ಎಂಬರ್ಲಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಕುಳ್ಳ ಸ್ಪ್ರೂಸ್ ಮರಗಳು, ಜೌಗು, ಬಂಡೆ, ಮತ್ತೆ ಕುಳ್ಳ ಮರಗಳು. ಸಿಟ್ಟಿಗೆ ಇಂಥದ್ದೇ ಎಂದು ಕಾರಣ ಹೇಳುವ ಹಾಗಿರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಅದು ಇತ್ತು, ಹಲ್ಲುಜ್ಜುವಾಗಲೂ ಇತ್ತು, ಈಗ ಅವನು ಸೇಬಿನ ದಿಂಡನ್ನು ಕಿಟಕಿಯಿಂದಾಚೆ ಎಸೆದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಾಗ ಇನ್ನಷ್ಟು ಗಟ್ಟಿಯಾಯಿತು. "ನಿಮ್ಮ ಜನ ಹೇಗೆ, ಪ್ರಶ್ನೆ ಕೇಳ್ತಾರಾ, ಸುಮ್ನೆ ಕೂತಿರ್ತಾರಾ?" ಎಂದ ಅವನು. ನಿಮ್ಮ ಜನ. "ಕೇಳ್ತಾರೆ," ಎಂದಳು. ಅವನು ತಲೆಯಾಡಿಸಿ ಅವಳ ಊರಿನ ಹೆಸರನ್ನು ಮತ್ತೊಮ್ಮೆ ತಪ್ಪಾಗಿ ಹೇಳಿದ. ಪಿಂಚರ್ಸ್ ಕೋವ್ ಎನ್ನುವುದನ್ನು ಪಿಂಚಿಸ್ ಕೋವ್ ಎಂದು. ಮೂರು ಸಲ ತಿದ್ದಿದ ಮೇಲೆ ಇನ್ನು ತಿದ್ದುವುದು ತನಗೇ ಅವಮಾನ ಎಂದು ಅವಳು ಸುಮ್ಮನಾಗಿದ್ದಳು. ವಿಶ್ವವಿದ್ಯಾಲಯದಲ್ಲಿ ಅವಳ ಕೆಲಸಕ್ಕೆ ಒಂದು ಉದ್ದನೆಯ ಹೆಸರಿತ್ತು. ನಿಜದಲ್ಲಿ ಅದು ಶುಚಿ ಮಾಡುವ ಕೆಲಸ. ಅರಣ್ಯಶಾಸ್ತ್ರದವರು, ಶಿಕ್ಷಣದವರು, ಧರ್ಮಶಾಸ್ತ್ರದವರು, ಮನಶ್ಶಾಸ್ತ್ರದವರು, ಎಲ್ಲರಿಗೂ ಈಗ ಆನ್‌ಲೈನ್ ಸಮೀಕ್ಷೆಯೇ ಬೇಕು. ಕುರ್ಚಿಯಿಂದ ಏಳದೆ ಜಗತ್ತಿನ ಅಭಿಪ್ರಾಯ ತಿಳಿಯಬೇಕು. ಬಂದುಬಿದ್ದ ಉತ್ತರಗಳಲ್ಲಿ ಸುಳ್ಳಿನವನ್ನು ಹೆಕ್ಕಿ ತೆಗೆದು, ಉಳಿದದ್ದನ್ನು ಒಪ್ಪ ಮಾಡಿ ಕೊಡುವವಳು ಅವಳು. ಪ್ರಬಂಧ ಅಚ್ಚಾದಾಗ ಅವಳ ಹೆಸರು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಕೃತಜ್ಞತೆಯ ಸಾಲಿನಲ್ಲಿ ಬರುತ್ತಿತ್ತು. ಕೆಲವು ಸಲ ಅಲ್ಲಿಯೂ ಬರುತ್ತಿರಲಿಲ್ಲ.

ವೈಟ್‌ಲಾನ ಸಮೀಕ್ಷೆ ಕೊಲ್ಲಿಯ ಮೀನುಗಾರರದು. ಒಳಕೊಲ್ಲಿಯಲ್ಲಿ ಏಡಿ ಹಿಡಿಯುವುದನ್ನು ಎರಡು ವರ್ಷ ನಿಲ್ಲಿಸಬೇಕೆ ಬೇಡವೆ ಎಂದು ಅವರನ್ನೇ ಕೇಳುವುದು. ತುಂಬಿದವರಿಗೆ ಅಂಗಡಿಯ ಕೂಪನ್ ಸಿಗುತ್ತದೆಂದು ಹಾಕಿದ್ದೇ ತಡ, ಎಲ್ಲೆಲ್ಲಿಂದಲೋ ಉತ್ತರಗಳು ನುಗ್ಗಿದವು. ಸಮುದ್ರವನ್ನೇ ನೋಡಿರದವರು ತಲೆತಲಾಂತರದಿಂದ ಏಡಿ ಹಿಡಿದವರಾದರು. ಆ ಕಸವನ್ನು ಗುಡಿಸಲು ಕೊರಾಲೀ ನಿಯಮಗಳನ್ನು ಬರೆದಳು. ಒಂದೇ ಇಂಟರ್‌ನೆಟ್ ವಿಳಾಸದಿಂದ ಹಲವು ಉತ್ತರ ಬಂದಿದ್ದರೆ ಒಬ್ಬನೇ ಕಳ್ಳ ಕೂತು ಹಲವರಾಗಿ ತುಂಬಿದ್ದಾನೆ ಎಂದು ಅರ್ಥ, ಅವೆಲ್ಲ ಹೊರಗೆ. ಒಬ್ಬರು ಬರೆದ ವಾಕ್ಯ ಇನ್ನೊಬ್ಬರಲ್ಲಿ ಹಾಗೇ ಇದ್ದರೆ ಹೊರಗೆ. ವಿಪರೀತ ಬೇಗ ಮುಗಿಸಿದವರು ಹೊರಗೆ, ವಿಪರೀತ ನಿಧಾನ ಮಾಡಿದವರೂ ಹೊರಗೆ. ನಡುವೆ ಒಂದು ಬೋನಿನ ಪ್ರಶ್ನೆ: 'ನೀವು ಓದುತ್ತಿದ್ದೀರಿ ಎಂದು ತೋರಿಸಲು ಇಲ್ಲಿ ನಾಲ್ಕನ್ನು ಒತ್ತಿ.' ಒತ್ತದಿದ್ದವರು ಹೊರಗೆ. ಕೊನೆಗೆ ಒಂದು ಗುಂಡಿ ಒತ್ತಿದ್ದಳು, ಸಾಲುಗಳು ಕಣ್ಣೆದುರೇ ಉದುರಿ ಪುಟ ಚೊಕ್ಕಟವಾಗಿತ್ತು, ಅವಳು ಕುರ್ಚಿಗೆ ಒರಗಿ ಮೈಮುರಿದಿದ್ದಳು. ಆ ಮೈಮುರಿದ ಸುಖ ಈಗಲೂ ನೆನಪಿದೆ. ಸಮೀಕ್ಷೆ ಶುರುವಾದಾಗ ಫಿಲ್ ಚಿಕ್ಕಮ್ಮನಿಗೆ ಫೋನ್ ಮಾಡಿ, ಊರಿನವರಿಗೆ ತುಂಬಲು ಹೇಳು ಎಂದದ್ದೂ ನೆನಪಿದೆ. "ನೋಡೋಣ ಕಣೇ, ಇಲ್ಲಿ ಯಾರಿಗೆ ಅದೆಲ್ಲ ಬರುತ್ತೆ," ಎಂದಿದ್ದಳು ಚಿಕ್ಕಮ್ಮ. ಉತ್ತರ ಕೊಟ್ಟ ಊರುಗಳ ನಕ್ಷೆಯಲ್ಲಿ ಪಿಂಚರ್ಸ್ ಕೋವ್‌ನಿಂದ ಒಂದು ಚುಕ್ಕೆಯೂ ಮೂಡದಿದ್ದಾಗ ಕೊರಾಲೀಗೆ ತನ್ನೂರಿನ ಮೇಲೆ ಸಿಟ್ಟು ಬಂದಿತ್ತು. ಗೊಣಗುವುದಕ್ಕೆ ಎಲ್ಲರೂ ಮುಂದೆ, ಹೇಳು ಎಂದರೆ ಒಬ್ಬರೂ ಇಲ್ಲ ಎಂದು. ಬೆಳಗಿನ ಸಿಟ್ಟು ಅದೇ ಇರಬಹುದೇನೋ. ಇಲ್ಲ, ಅದಲ್ಲ. ಮೀನುಗಾರಿಕೆ ಇಲಾಖೆ ಪ್ರೊಫೆಸರನ ವರದಿಯನ್ನು ಆಗಲೇ ಒಪ್ಪಿಕೊಂಡಾಗಿತ್ತು. 'ಕೊಲ್ಲಿಯ ಮೀನುಗಾರರಲ್ಲಿ ಬಹುಪಾಲು ಜನ ನಿಷೇಧವನ್ನು ಬೆಂಬಲಿಸುತ್ತಾರೆ.' ಇವತ್ತು ಹೋಗುತ್ತಿರುವುದು ಊರವರು ಏನು ಹೇಳಿದ್ದಾರೆ ಎನ್ನುವುದನ್ನು ಊರವರಿಗೆ ತಿಳಿಸುವುದಕ್ಕೆ.

ಊರು ತಲುಪಿದಾಗ ಚರ್ಚಿನ ಸಭಾಂಗಣದ ಬಾಗಿಲು ತೆರೆದಿತ್ತು. ವೈಟ್‌ಲಾ ತನ್ನ ಪ್ರೊಜೆಕ್ಟರ್ ಎತ್ತಿಕೊಂಡು ಒಳಗೆ ಹೋದ. ಕೊರಾಲೀ ರಸ್ತೆ ದಾಟಿ ಹಳೆ ಶಾಲೆಗೆ ಹೋದಳು. ಮಕ್ಕಳಿಲ್ಲದೆ ಮುಚ್ಚಿದ ಆ ಶಾಲೆಯ ಒಂದು ಕೋಣೆಯನ್ನು ಊರವರು ವಾಚನಾಲಯ ಮಾಡಿಕೊಂಡಿದ್ದರು. ಅದನ್ನು ನೋಡಿಕೊಳ್ಳುವವಳು ಫಿಲೊಮಿನಾ ಹ್ಯಾನ್, ತಾಯಿಯ ತಂಗಿ, ಕೊರಾಲೀಗೆ ಫಿಲ್ ಚಿಕ್ಕಮ್ಮ. ಅವಳು ಸಭೆಗೆಂದು ಸುಟ್ಟ ಒಣದ್ರಾಕ್ಷಿ ಬನ್ನುಗಳ ಮೇಲೆ ಬಟ್ಟೆ ಮುಚ್ಚುತ್ತಿದ್ದಳು.

"ಬಂದ್ಯಾ? ಕಡ್ಡಿ ಆಗಿದ್ದೀಯಲ್ಲೇ, ಪಟ್ಟಣದಲ್ಲಿ ಅಂಗಡಿ ಎಲ್ಲ ಮುಚ್ಚಿಬಿಟ್ರಾ?" ಎಂದು ಕೆನ್ನೆ ತಟ್ಟಿ, ಡಬ್ಬಿ ಹಾಲು ಹಾಕಿದ ಚಹಾ ಬಗ್ಗಿಸಿಕೊಟ್ಟಳು. "ಆ ಪ್ರಶ್ನೆಗಳನ್ನ ಬರೆದೋನು ಇವನೇ ಏನು, ಆ ಬೋಳುತಲೆ? ಸಿಕ್ಕಲಿ, ಎರಡು ಬಿಗೀತೀನಿ ಅವನಿಗೆ."

ಕೊರಾಲೀ ನಕ್ಕಳು. "ಯಾವ ಪ್ರಶ್ನೆ ಚಿಕ್ಕಮ್ಮ?"

"ಯಾವ್ದು ಅಂದ್ರೆ! ನೀನೇ ಅಲ್ವಾ ಫೋನ್ ಮಾಡಿ ಹೇಳಿದ್ದು, ಎಲ್ಲರ ಹತ್ರ ತುಂಬಿಸು ಅಂತ? ತುಂಬಿಸ್ದೆ. ಬೆರಳು ಸವೆದುಹೋಯ್ತು. ಲಿಯೋ ಬ್ಯಾರನ್‌ಗೆ ಓದೋಕೆ ಕನ್ನಡಕ ಇಲ್ಲ, ಹಾಕ್ಕೊಳಲ್ಲ ಅಂತಾನೆ. ಅವನ ತಮ್ಮನಿಗೆ ಓದೋಕೇ ಬರಲ್ಲ, ಹಾಗಂತ ಯಾರ ಹತ್ರಾನೂ ಹೇಳ್ಬೇಡ. ಒಬ್ಬೊಬ್ಬರನ್ನೇ ಕೂರಿಸ್ಕೊಂಡು ನಾನೇ ಓದಿ, ಅವರು ಹೇಳಿದ್ದನ್ನ ಒತ್ತಿದ್ದು. ಒಂದರಿಂದ ಐದರ ತನಕ ಎಷ್ಟು ಒಪ್ತೀರ ಅಂತೆ. ಲಿಯೋ ಹೇಳ್ತಾನೆ, ಬೆಳಿಗ್ಗೆ ಎರಡು, ಗಾಳಿ ತಿರುಗಿದ್ರೆ ನಾಲ್ಕು, ಏನು ಬರ್ಕೋತೀಯೋ ಬರ್ಕೋ ಅಂತ!"

"ಇಲ್ಲಿ? ಈ ಕಂಪ್ಯೂಟರಲ್ಲಿ?"

"ಇನ್ನೆಲ್ಲಿ, ನನ್ನ ಹೊಟ್ಟೆ ಮೇಲಾ? ಊರಲ್ಲಿ ನೆಟ್ ಹಿಡಿಯೋದು ಇದೊಂದಕ್ಕೇ ಅಲ್ವಾ?" ಚಿಕ್ಕಮ್ಮ ಬನ್ನಿನ ತಟ್ಟೆ ಎತ್ತಿಕೊಂಡಳು. "ಮಧ್ಯದಲ್ಲಿ ಒಂದು ಹುಚ್ಚು ಪ್ರಶ್ನೆ, ಸುಮ್ನೆ ನಾಲ್ಕು ಒತ್ತಿ ಅಂತ. ಯಾಕೆ ಒತ್ಬೇಕು, ನಾನೇನು ಕೋತಿನಾ ಅಂತ ಅರ್ಧ ಜನ ಒತ್ತಲೇ ಇಲ್ಲ. ಇರಲಿ ಬಿಡು. ಹೇಳ್ಬೇಕಾದ್ದು ಹೇಳಾಯ್ತಲ್ಲ."

ಮೂಲೆಯಲ್ಲಿ ಬೂದುಬಣ್ಣದ ಹಳೆ ಕಂಪ್ಯೂಟರ್ ಕ್ರೋಶಾ ಬಟ್ಟೆ ಹೊದ್ದು ಕೂತಿತ್ತು. ಅದರ ಮುಂದೆ ಎರಡು ಕುರ್ಚಿಗಳು, ಒಂದು ಉತ್ತರ ಹೇಳುವವರಿಗೆ, ಇನ್ನೊಂದು ಚಿಕ್ಕಮ್ಮನಿಗೆ. ಕೊರಾಲೀ ಚಹಾದ ಲೋಟವನ್ನು ಕೆಳಗಿಟ್ಟಳು. ಒಂದೇ ವಿಳಾಸ. ನಿಧಾನ. ನಾಲ್ಕು ಒತ್ತದವರು. ಅವಳು ಬರೆದ ಪ್ರತಿ ನಿಯಮವೂ ಈ ಎರಡು ಕುರ್ಚಿಗಳ ಅಳತೆ ತೆಗೆದುಕೊಂಡೇ ಹೊಲಿದಂತಿತ್ತು. ಸಾಲುಗಳು ಉದುರಿದಾಗ ತಾನು ಮೈಮುರಿದದ್ದು, ಆಗ ಪಕ್ಕದ ಮೇಜಿನವಳು "ಊಟಕ್ಕೆ ಬರ್ತೀಯಾ" ಎಂದದ್ದು, ತಾನು ಹಸಿದು ಎದ್ದು ಹೋದದ್ದು. ಚಿಕ್ಕಮ್ಮ ಬಾಗಿಲ ಬಳಿ ತಿರುಗಿ, "ಏನೇ, ಬಿಳಿಚಿಕೊಂಡ್ಯಲ್ಲ, ಕಾರಿನ ತಿರುವು ಆಗಲಿಲ್ವಾ ಹೊಟ್ಟೆಗೆ?" ಎಂದಳು. ಕೊರಾಲೀ ಹೌದು ಎಂದು ತಲೆಯಾಡಿಸಿದಳು. ಚಿಕ್ಕವಳಿದ್ದಾಗ ಕಾರಿನಲ್ಲಿ ವಾಂತಿ ಮಾಡಿಕೊಂಡು ಇದೇ ಹೆಂಗಸಿನ ಮಡಿಲು ಹಾಳುಮಾಡಿದ್ದಳು. ಅವಳು ಬೈಯುತ್ತ ಬೈಯುತ್ತಲೇ ಮುಖ ತೊಳೆಸಿದ್ದಳು.

ಸಭಾಂಗಣದಲ್ಲಿ ಅವಳು ವೈಟ್‌ಲಾನ ಹತ್ತಿರ ಹೋಗಿ, "ಪ್ರೊಫೆಸರ್, ಒಂದು ನಿಮಿಷ, ಮುಖ್ಯವಾದ್ದು," ಎಂದಳು. ಅವನು ತಂತಿ ಸಿಕ್ಕಿಸುತ್ತಿದ್ದ. "ಆಮೇಲೆ ಕೊರಾಲೀ, ಜನ ಬರ್ತಿದ್ದಾರೆ." ಆಮೇಲೆ ಎಂದದ್ದಕ್ಕೆ ತನಗೆ ಹಾಯೆನಿಸಿತು ಎಂಬುದನ್ನು ಗಮನಿಸಿ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹಿಂದಿನ ಸಾಲಿನಲ್ಲಿ, ಚಹಾ ಮೇಜಿನ ಪಕ್ಕ ಕೂತಳು. ಎಲ್ಲರೂ ಬಂದಿದ್ದರು. ಲಿಯೋ ಬ್ಯಾರನ್ ಶೇವ್ ಮಾಡಿಕೊಂಡು ಬಂದಿದ್ದ. ಒಳ್ಳೆ ಸ್ವೆಟರ್ ಹಾಕಿಕೊಂಡು, ತಮ್ಮ ಮಾತು ಅಚ್ಚಾಗಿರುವುದನ್ನು ನೋಡಲು ಬಂದವರ ಹಾಗೆ ಜನ ಕೂತಿದ್ದರು. ವೈಟ್‌ಲಾ ಚೆನ್ನಾಗಿಯೇ ಮಾತಾಡಿದ. ಎರಡು ಜೋಕು ಮಾಡಿದ, ಒಂದಕ್ಕೆ ನಕ್ಕರು. ಬಣ್ಣದ ಕಂಬಗಳು ಏರಿದವು, ಇಳಿದವು. ಆಮೇಲೆ ಪರದೆಯ ಮೇಲೆ ಕೊಲ್ಲಿಯ ನಕ್ಷೆ ಬಂತು, ಉತ್ತರ ಕೊಟ್ಟ ಊರುಗಳಿಗೆಲ್ಲ ಒಂದೊಂದು ಕೆಂಪು ಚುಕ್ಕೆ.

ಲಿಯೋ ಕೈಯೆತ್ತಲಿಲ್ಲ, ಎದ್ದೇ ನಿಂತ. "ಪ್ರೊಫೆಸರ್ ಸಾಹೇಬ್ರೇ, ನಮ್ಮೂರೆಲ್ಲಿ?"

"ಅದು ಬೇಜಾರಿನ ಸಂಗತಿ," ಎಂದ ವೈಟ್‌ಲಾ. ನಿಜವಾಗಿಯೂ ಬೇಜಾರಾದವನ ಹಾಗೆಯೇ ಕಂಡ. "ಈ ಊರಿಂದ ನಮಗೆ ಒಂದೂ ಉತ್ತರ ಬರಲಿಲ್ಲ. ತುಂಬಾ ಕಾದ್ವಿ. ಮುಂದಿನ ಸಲ ನೀವೂ ಭಾಗವಹಿಸಿದ್ರೆ ನಿಮ್ಮ ದನಿಯೂ ಸೇರುತ್ತೆ ಅನ್ನೋದೇ ನನ್ನ ವಿನಂತಿ."

ಲಿಯೋ ಸಭೆಯ ಕಡೆ ತಿರುಗಿದ. "ಏಯ್, ಯಾರ್ಯಾರು ತುಂಬಿದ್ರಿ? ಕೈ ಎತ್ರೋ." ಕೈಗಳು ಮೇಲೆದ್ದವು. ಮುಂದಿನ ಸಾಲಿನಲ್ಲಿ, ನಡುವೆ, ಬಾಗಿಲ ಹತ್ತಿರ ನಿಂತವರಲ್ಲಿ. ಹಗ್ಗ ಎಳೆದು ದಡ್ಡುಗಟ್ಟಿದ ಕೈಗಳು, ಏಡಿ ಕಾರ್ಖಾನೆಯಲ್ಲಿ ಚಿಪ್ಪು ಒಡೆದು ಬೆರಳಿನ ಗಂಟು ಊದಿದ ಹೆಂಗಸರ ಕೈಗಳು. ವೈಟ್‌ಲಾ ನಗುಮುಖದಲ್ಲೇ ಅವನ್ನು ನೋಡುತ್ತ ನಿಂತ, ನಗುವನ್ನು ಎಲ್ಲಿ ಇಡುವುದೆಂದು ತಿಳಿಯದೆ.

"ಹಂಗಾದ್ರೆ ಎಲ್ಲಿಗೆ ಹೋಯ್ತು ಸ್ವಾಮಿ ಅದು? ಸಮುದ್ರಕ್ಕೆ ಬಿತ್ತಾ?"

"ಕಳಿಸೋ ಹಂತದಲ್ಲಿ ಏನಾದ್ರೂ ತಾಂತ್ರಿಕ ತೊಂದರೆ ಆಗಿರಬಹುದು," ಎಂದ ವೈಟ್‌ಲಾ. "ಕೊನೇ ಪುಟದಲ್ಲಿ 'ಕಳಿಸಿ' ಅನ್ನೋ ಗುಂಡಿ ಒತ್ತದಿದ್ರೆ ನಮಗೆ ಬರೋದಿಲ್ಲ."

ಆಗ ತಲೆಗಳು ಒಂದೊಂದಾಗಿ ಚಹಾ ಮೇಜಿನ ಕಡೆ ತಿರುಗಿದವು. "ಫಿಲ್, ಒತ್ತಿದ್ಯಾ ಆ ಗುಂಡೀನ?" ಎಂದು ಯಾರೋ ಕೇಳಿದರು. "ಒತ್ತಿದ್ದೆ," ಎಂದಳು ಚಿಕ್ಕಮ್ಮ. "ಎಲ್ಲರದ್ದೂ ಒತ್ತಿದ್ಯಾ?" "ಒತ್ತಿದ್ನಲ್ಲ... 'ಧನ್ಯವಾದ' ಅಂತ ಬರ್ತಿತ್ತಲ್ಲ." "ನಿಜವಾಗ್ಲೂ ಬರ್ತಿತ್ತಾ, ಕನ್ನಡಕ ಹಾಕ್ಕೊಂಡಿದ್ಯಾ?" ಎಂದು ಹಿಂದಿನಿಂದ ಒಬ್ಬ. ನಕ್ಕರು. ಕೆಟ್ಟ ನಗುವಲ್ಲ ಅದು, ಸಿಟ್ಟನ್ನು ಹಾಕಲು ಜಾಗ ಸಿಕ್ಕಿದವರ ನಗು. ಇನ್ನೊಬ್ಬಳು, "ನನಗೆ ಆಗ್ಲೇ ಅನ್ನಿಸಿತ್ತು, ಆ ವಯಸ್ಸಲ್ಲಿ ಕಂಪ್ಯೂಟರ್ ಯಾಕೆ ಬೇಕಿತ್ತು ಅವಳಿಗೆ," ಎಂದಳು. ಚಿಕ್ಕಮ್ಮನ ಕೈಯಲ್ಲಿ ಚಹಾದ ಕೆಟಲ್ ಇತ್ತು. ಅವಳು ಅದನ್ನು ಕೆಳಗಿಡಲಿಲ್ಲ. ಅವಳ ಕುತ್ತಿಗೆಯಿಂದ ಕೆಂಪು ನಿಧಾನವಾಗಿ ಮೇಲೇರಿ ಕಿವಿಯ ತನಕ ಹೋಯಿತು. "ಒತ್ತಿದ್ನೇನೋ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ, ತನ್ನನ್ನೇ ಕೇಳಿಕೊಳ್ಳುವವಳಂತೆ. ಆ 'ಏನೋ' ಕೊರಾಲೀಯ ಎದೆಗೆ ಬಡಿಯಿತು. ಇವಳು ಇನ್ನು ಮುಂದೆ ಜೀವನವಿಡೀ ಇದನ್ನೇ ನಂಬುತ್ತಾಳೆ. ತಾನು ಸುಮ್ಮನಿದ್ದರೆ ಸಾಕು, ಊರೂ ನಂಬುತ್ತದೆ, ವೈಟ್‌ಲಾ ಮುಂದಿನ ಚಿತ್ರಕ್ಕೆ ಹೋಗುತ್ತಾನೆ, ಬನ್ನು ಹಂಚುತ್ತಾರೆ. ಎಷ್ಟು ಸುಲಭ! ಕೊರಾಲೀ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು.

"ಚಿಕ್ಕಮ್ಮ ಒತ್ತಿದ್ದಾಳೆ. ಎಲ್ಲಾ ಬಂದಿತ್ತು. ನಾನೇ ತೆಗೆದುಹಾಕಿದ್ದು."

ದನಿ ತಾನೆಣಿಸಿದ್ದಕ್ಕಿಂತ ಜೋರಾಗಿತ್ತು. ವೈಟ್‌ಲಾ "ಕೊರಾಲೀ—" ಎಂದ. ಅವಳು ನಿಲ್ಲಿಸಲಿಲ್ಲ. "ಎಲ್ಲಾ ಒಂದೇ ಕಂಪ್ಯೂಟರಿಂದ ಬಂದಿದ್ವು. ಒಂದೇ ಕಡೆಯಿಂದ ಬಂದ್ರೆ ಮೋಸ ಅಂತ ನಾವು ಇಟ್ಕೊಂಡಿರೋ ನಿಯಮ. ನಿಧಾನ ಮಾಡಿದ್ರೂ ಮೋಸ. ನಾಲ್ಕು ಒತ್ತಿ ಅಂದಾಗ ಒತ್ತದಿದ್ರೂ ಮೋಸ. ನಿಯಮ ಬರೆದೋಳು ನಾನು. ಯಾವ ಊರು ಅಂತ ನೋಡ್ಲೂ ಇಲ್ಲ. ನಿಮ್ಮನ್ನೆಲ್ಲ ಕಳ್ಳರು ಅಂತ ಎಸೆದುಬಿಟ್ಟೆ."

ಕೆಟಲ್ ಮೇಜಿನ ಮೇಲೆ ಕುಕ್ಕಿದ ಸದ್ದಾಯಿತು. ಲಿಯೋ ಟೋಪಿಯನ್ನು ಕೈಯಲ್ಲಿ ಹಿಂಡಿದ. "ನಾನು ಏನು ಹೇಳಿದ್ದೆ ಗೊತ್ತಾ ಪ್ರೊಫೆಸರೇ? ನಿಲ್ಸಿ ಅಂತಲೇ ಹೇಳಿದ್ದೆ. ಏಡಿ ಕಮ್ಮಿ ಆಗಿದೆ, ನಂಗೆ ಕಣ್ಣಿಲ್ವಾ? ಇಲ್ಲಿ ಮುಕ್ಕಾಲು ಜನ ಅದನ್ನೇ ಹೇಳಿದ್ದು. ಒಂದೇ ಒಂದು ಮಾತು ಸೇರ್ಸಿದ್ವಿ. ದ್ವೀಪಕ್ಕೂ ದಡಕ್ಕೂ ನಡುವಿನ ಒಳಪಟ್ಟಿ ನೀರನ್ನ ನಮಗೆ ಬಿಟ್ಟುಬಿಡಿ, ಸಣ್ಣ ದೋಣಿಯೋರು ಆಚೆ ಹೋದ್ರೆ ವಾಪಸ್ ಬರಲ್ಲ ಅಂತ. ಫಿಲ್ ಅದನ್ನ ಎಲ್ಲರದ್ರಲ್ಲೂ ಒಂದೇ ಥರ ಬರೆದ್ಲು, ಗಲಿಬಿಲಿ ಆಗ್ದೆ ಇರ್ಲಿ ಅಂತ." ಅವನು ಪರದೆಯ ಕಡೆ ಕೈ ಮಾಡಿದ. "ಈಗ ಒಳಪಟ್ಟಿನೂ ಸೇರಿಸಿ ಮುಚ್ಚಿದ್ದೀರಿ. ಯಾರೋ ಹೌದು ಅಂದ್ರಂತೆ. ಯಾರಯ್ಯಾ ಅವರು? ಒಬ್ಬನ ಹೆಸರು ಹೇಳು ನೋಡೋಣ."

"ಹೆಸರು ನಾವು ಕೇಳೋದಿಲ್ಲ," ಎಂದ ವೈಟ್‌ಲಾ. "ಗೋಪ್ಯತೆಯ ನಿಯಮ ಇದೆ."

"ಇರುತ್ತೆ ಇರುತ್ತೆ," ಎಂದ ಲಿಯೋ. ಟೋಪಿ ಹಾಕಿಕೊಂಡು ಹೊರಗೆ ನಡೆದ. ಕುರ್ಚಿಗಳು ಕಿರುಗುಟ್ಟಿದವು, ಜನ ಒಬ್ಬರ ಹಿಂದೆ ಒಬ್ಬರು ಅವನ ಹಿಂದೆ ಹೋದರು. ಕೊರಾಲೀಯ ಪಕ್ಕದಲ್ಲಿ ಹಾದುಹೋದವರಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಶಾಲೆಯಲ್ಲಿ ಅವಳ ಜೊತೆ ಓದಿದ ಒಬ್ಬಳು ಮಾತ್ರ ನಿಂತು, "ನಿನ್ನ ಅಪ್ಪನೂ ಸಣ್ಣ ದೋಣಿಯೋನೇ ಅಲ್ವೇನೇ," ಎಂದು ಹೇಳಿ ಹೋದಳು.

ಕಾರಿನ ಹತ್ತಿರ ವೈಟ್‌ಲಾ ಪ್ರೊಜೆಕ್ಟರನ್ನು ಹಿಂದಿನ ಸೀಟಿಗೆ ತುರುಕಿ ಬಾಗಿಲು ಹಾಕಿದ. ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದವನು ಈಗ ಏಕವಚನಕ್ಕೆ ಇಳಿದಿದ್ದ. "ನಿನಗೆ ಬುದ್ಧಿ ಇದೆಯಾ? ಪರಿಶೀಲಿಸ್ತೀವಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಆ ನಿಯಮಗಳನ್ನ ಸಮಿತಿ ಒಪ್ಪಿದೆ. ಎಲ್ಲಾ ಕಡೆ ಅದೇ ಮಾಡ್ತಾರೆ."

"ಆ ಸಾಲುಗಳು ನನ್ನ ಹತ್ರ ಇನ್ನೂ ಇವೆ. ವಾಪಸ್ ಸೇರಿಸೋಣ. ಇಲಾಖೆಗೆ ಬರೆಯೋಣ."

"ಸೇರಿಸಿದ್ರೆ ಏನಾಗುತ್ತೆ? ಅವನೇ ಹೇಳಿದ್ನಲ್ಲ, ಅವರೂ ಹೌದು ಅಂದಿದ್ದಾರೆ. ಫಲಿತಾಂಶ ಬದಲಾಗಲ್ಲ."

"ಒಳಪಟ್ಟಿ?"

"ಅದು ಪ್ರಶ್ನೇಲಿ ಇರಲಿಲ್ಲ." ಅವನು ಉಸಿರು ಬಿಟ್ಟು ದನಿ ತಗ್ಗಿಸಿದ, ತಾಳ್ಮೆಯಿಂದ ವಿವರಿಸುವವನಂತೆ. "ನೋಡು, ಯೋಚನೆ ಮಾಡು. ಒಂದೇ ವಿಳಾಸ, ಒಂದೇ ವಾಕ್ಯ, ಒಬ್ಬಳೇ ಹೆಂಗಸು ಟೈಪ್ ಮಾಡಿದ್ದು. ನಿನ್ನ ಚಿಕ್ಕಮ್ಮ ತಾನೇ ಕೂತು ಎಲ್ಲರ ಪರವಾಗಿ ತುಂಬಿಲ್ಲ ಅಂತ ನಾನು ಯಾರಿಗೆ ಹೇಗೆ ತೋರಿಸ್ಲಿ?"

ಅವನ ಮಾತಿನಲ್ಲಿ ತರ್ಕವಿತ್ತು. ಅದೇ ಅವಳನ್ನು ಕೆರಳಿಸಿದ್ದು. ತಾನೂ ತನ್ನ ಮೇಜಿನಲ್ಲಿ ಕೂತಿದ್ದರೆ ಇದನ್ನೇ, ಇದೇ ದನಿಯಲ್ಲಿ, ಹೇಳುತ್ತಿದ್ದಳು. ಮೀನುಗಾರ ಎಂದು ಸುಳ್ಳು ಹೇಳಿ ಚೊಕ್ಕಟವಾಗಿ ನಾಲ್ಕನ್ನು ಒತ್ತಿ ಕೂಪನ್ ಪಡೆದವನು ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿ ಕೂತಿದ್ದ. "ಇನ್ನೂರು ಅಡಿ ದೂರದಲ್ಲಿದ್ದಾರೆ ಅವರೆಲ್ಲ," ಎಂದಳು. ತಾನೂ ಏಕವಚನಕ್ಕೆ ಇಳಿಯುತ್ತಿರುವುದು ಗೊತ್ತಾಯಿತು, ನಿಲ್ಲಲಿಲ್ಲ. "ಈಗಷ್ಟೇ ನಿನ್ನೆದುರು ಕೈ ಎತ್ತಿದ್ರು. ನಡೆದು ಹೋಗಿ ಬಾಗಿಲು ತಟ್ಟಿ ಕೇಳು. ಆಗಲ್ವಾ? ಹೋಗು ಹಾಗಾದ್ರೆ, ನಾನು ಬರಲ್ಲ ನಿನ್ನ ಜೊತೆ." ಅವನು ಅವಳನ್ನು ಒಂದು ಕ್ಷಣ ನೋಡಿ, ಕಾರು ಹತ್ತಿ ಹೊರಟುಹೋದ. ಕಾರು ಬೆಟ್ಟದ ತಿರುವಿನಲ್ಲಿ ಮರೆಯಾದ ಮೇಲೆ, ಕೋಟು ಅದರಲ್ಲೇ ಉಳಿದಿದೆ ಎಂದು ಅವಳಿಗೆ ನೆನಪಾಯಿತು.

ಚಿಕ್ಕಮ್ಮ ತನ್ನ ಮನೆಯ ಅಡುಗೆಮನೆಯಲ್ಲಿ ಉಳಿದ ಬನ್ನುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಮುಟ್ಟಿದವರೇ ಇರಲಿಲ್ಲ, ಎಲ್ಲವೂ ಉಳಿದಿದ್ದವು. ಕೊರಾಲೀ ಒಳಗೆ ಬಂದಾಗ ತಿರುಗಲಿಲ್ಲ. ಕೊರಾಲೀ ಕ್ಷಮೆ ಕೇಳಲು ಬಾಯಿ ತೆರೆದಳು. ಚಿಕ್ಕಮ್ಮ ಬೆನ್ನು ಹಾಕಿಯೇ ಕೈಯೆತ್ತಿ ತಡೆದಳು.

"ನಿನ್ನ ಯಂತ್ರ ನನ್ನನ್ನ ಕಳ್ಳಿ ಅಂದ್ಕೊಂಡಿತಾ?"

"ಯಂತ್ರ ಅಲ್ಲ ಚಿಕ್ಕಮ್ಮ. ನಾನು."

"ನೀನು ಎದ್ದು ಹೇಳಿದ್ದು ಸರಿ. ಅದಕ್ಕೇ ಬಾಗಿಲು ತೆರೆದಿಟ್ಟಿದ್ದೆ." ಡಬ್ಬಿಯ ಮುಚ್ಚಳ ಕೂರದೆ ಅವಳು ಅದನ್ನು ಅಂಗೈಯಿಂದ ಗುದ್ದಿದಳು. "ಆದ್ರೆ ಸಭೆಗೆ ಮುಂಚೆ ಚಹಾ ಕುಡೀತಾ ಕೂತಿದ್ದಾಗಲೇ ನಿನಗೆ ಗೊತ್ತಾಗಿತ್ತು. ಮುಖ ನೋಡಿದ್ರೆ ತಿಳೀದಾ ನನಗೆ? ಕಾರಿನ ತಿರುವಾ ಅಂದ್ರೆ ತಲೆಯಾಡಿಸಿದೆ. ಅಲ್ಲೇ ನನಗೆ ಹೇಳಬಹುದಿತ್ತು. ನನ್ನನ್ನ ಅವರೆದುರು ಕೆಟಲ್ ಹಿಡ್ಕೊಂಡು ನಿಲ್ಲಿಸಿದೆ. 'ಒತ್ತಿದ್ನೇನೋ' ಅಂತ ನನ್ನ ಬಾಯಲ್ಲೇ ಹೇಳಿಸ್ದೆ. ಅದನ್ನ ಹೇಗೆ ವಾಪಸ್ ಸೇರಿಸ್ತೀಯ?"

ಚಿಕ್ಕಮ್ಮ ಅವಳಿಗೆ ಹಾಸಿಗೆ ಹಾಕಿಕೊಟ್ಟಳು, ಬೆಳಿಗ್ಗೆ ತನ್ನ ಹಳೆ ಕೋಟು ಕೊಟ್ಟಳು, ಪಟ್ಟಣಕ್ಕೆ ಹೋಗುವ ವ್ಯಾನು ಬಂದಾಗ ಹೊರಗೆ ಬರಲಿಲ್ಲ.

ಆಮೇಲೆ ಆದದ್ದರಲ್ಲಿ ಹೇಳಿಕೊಳ್ಳುವಂಥ ಗೆಲುವೇನೂ ಇಲ್ಲ. ಕೊರಾಲೀ ಉದುರಿದ ಸಾಲುಗಳನ್ನೆಲ್ಲ ಮತ್ತೆ ತೆರೆದು, ಪಿಂಚರ್ಸ್ ಕೋವ್‌ನವರು ಹೇಳಿದ್ದನ್ನು ಬೇರೆ ಮಾಡಿ, ಏನಾಯಿತೆಂದು ಬರೆದು, ಇಲಾಖೆಗೂ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೂ ತನ್ನ ಹೆಸರಿನಲ್ಲೇ ಕಳಿಸಿದಳು. ಪತ್ರಿಕೆಯವರು ಕೊನೆಯಲ್ಲಿ ಒಂದು ತಿದ್ದುಪಡಿ ಸೇರಿಸಿದರು, ಸಣ್ಣ ಅಕ್ಷರದಲ್ಲಿ. ತೀರ್ಮಾನಕ್ಕೆ ಬೇರೆ ಆಧಾರಗಳೂ ಇವೆ, ಒಳಪಟ್ಟಿಯ ವಿಷಯವನ್ನು ಮುಂದಿನ ಹಂಗಾಮಿನಲ್ಲಿ ಪರಿಗಣಿಸಲಾಗುವುದು ಎಂದು ಇಲಾಖೆ ಉತ್ತರಿಸಿತು. ಈ ಹಂಗಾಮಿನಲ್ಲಿ ಲಿಯೋನ ತಮ್ಮ ಹೊರಕೊಲ್ಲಿಗೆ ಹೋಗಲು ಧೈರ್ಯ ಸಾಲದೆ ದೋಣಿ ಮಾರಿದ. ವೈಟ್‌ಲಾ ಕೊರಾಲೀಯ ಮೇಲೆ ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಲಿನವರ ಅನುಮತಿಯಿಲ್ಲದೆ ಪತ್ರ ಬರೆದದ್ದು ನಿಜ. ಅವಳ ಗುತ್ತಿಗೆಯನ್ನು ಮುಂದುವರಿಸುವುದಿಲ್ಲವೆಂದು ಮುಖ್ಯಸ್ಥೆ ಅವಳನ್ನು ಕರೆದು, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ತುಂಬಾ ಮೃದುವಾಗಿ ಹೇಳಿದಳು. ಆ ಮೃದುತನಕ್ಕೆ ಎದುರಾಡುವುದು ಹೇಗೆಂದು ತಿಳಿಯದೆ ಕೊರಾಲೀ ಒಂದು ಬಿಸ್ಕತ್ತು ತಿಂದಳು. ಹೊರಗೆ ಕಾರಿಡಾರಿನಲ್ಲಿ ಅದನ್ನು ನೆನೆದು ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು.

ಹೊರಡುವ ವಾರದಲ್ಲಿ ಅವಳು ಹಳೆಯ ಕಸವನ್ನೆಲ್ಲ ತೆರೆಯತೊಡಗಿದಳು. ಯಾರೂ ಹೇಳಿರಲಿಲ್ಲ. ಅದೇ ನಿಯಮಗಳಿಂದ ಅವಳು ಎಲ್ಲ ವಿಭಾಗಗಳ ಸಮೀಕ್ಷೆಗಳನ್ನೂ ಗುಡಿಸಿದ್ದಳು. ಧರ್ಮಶಾಸ್ತ್ರದವರದರಲ್ಲಿ ಒಂದೇ ವಿಳಾಸದಿಂದ ಬಂದ ಹಲವು ಉತ್ತರಗಳು, ಎಲ್ಲವೂ ಮುದುಕ ಪಾದ್ರಿಗಳದು. ನಿವೃತ್ತರ ಮನೆ ಇದ್ದಿರಬೇಕು. ಅರಣ್ಯದವರದರಲ್ಲಿ ಮರ ಕಡಿಯುವವರ ಒಂದು ಶಿಬಿರ. ನರ್ಸಿಂಗ್ ವಿಭಾಗದವರ ಒಂದು ಸಮೀಕ್ಷೆ ಇತ್ತು: ಗಂಡನಿಂದ ಏಟು ತಿಂದ ಹೆಂಗಸರು ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ. ಅದರ ಕಸದಲ್ಲಿ ಉತ್ತರದ ಲ್ಯಾಬ್ರಡಾರ್ ಪ್ರದೇಶದ ಒಂದೇ ವಿಳಾಸದಿಂದ ಬಂದ ಉತ್ತರಗಳ ಒಂದು ಗುಂಪು ಬಿದ್ದಿತ್ತು. 'ಇಲ್ಲಿಗೆ ಬಂದ ಮೇಲೆ ನಿದ್ದೆ ಬರುತ್ತಿದೆ' ಎಂದು ಒಬ್ಬಳು ಬರೆದಿದ್ದಳು. 'ಡಾಕ್ಟರು ಅವನ ಅಣ್ಣ' ಎಂದು ಇನ್ನೊಬ್ಬಳು. ಮತ್ತೊಬ್ಬಳು ಕೊನೆಯ ಪ್ರಶ್ನೆಗೆ ಉತ್ತರ ಬರೆಯುವುದನ್ನು ಬಿಟ್ಟು, 'ಇನ್ನೊಬ್ಬರು ಕುರ್ಚಿಗೆ ಕಾಯುತ್ತಿದ್ದಾರೆ, ಅವರಿಗೆ ನನಗಿಂತ ಜಾಸ್ತಿ ಹೇಳುವುದಿದೆ' ಎಂದು ಬರೆದು ಎದ್ದುಹೋಗಿದ್ದಳು. ಕೊರಾಲೀ ಅಚ್ಚಾದ ಪ್ರಬಂಧವನ್ನು ತೆಗೆದು ನೋಡಿದಳು. ಉತ್ತರದ ಪ್ರದೇಶದ ಹೆಂಗಸರು ಇಂಥ ವಿಷಯ ಹೇಳಿಕೊಳ್ಳಲು ಹಿಂಜರಿಯುತ್ತಾರೆ ಎಂದು ಅದರಲ್ಲಿ ಒಂದು ಪ್ಯಾರಾ ಇತ್ತು. ಸಂಸ್ಕೃತಿ, ಸಂಕೋಚ ಎಂದೆಲ್ಲ. ಅವಳು ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. ನರ್ಸಿಂಗ್‌ನ ಪ್ರೊಫೆಸರಿಗೆ ಬರೆದಳು. ನಿವೃತ್ತಿಯಾಗಿದ್ದೇನೆ, ಮಾಹಿತಿಗೆ ವಂದನೆ ಎಂದು ಉತ್ತರ ಬಂತು. ಅಂಥ ಹೆಂಗಸರಿಗೆ ಆ ಕಡೆ ಇದ್ದ ಆಶ್ರಯಮನೆ ಒಂದೇ. ಅದರ ನಂಬರಿಗೆ ಫೋನ್ ಮಾಡಿದಳು.

ಎತ್ತಿದವಳ ದನಿ ಗಡುಸಾಗಿತ್ತು, ಹಿಂದೆ ಮಗುವೊಂದು ಅಳುತ್ತಿತ್ತು. ಕೊರಾಲೀ ವಿಶ್ವವಿದ್ಯಾಲಯದ ಹೆಸರು ಹೇಳುತ್ತಿದ್ದಂತೆ ಆ ಹೆಂಗಸು ತಡೆದಳು. "ಸಮೀಕ್ಷೆನಾ? ಇನ್ನೊಂದು ತುಂಬಿಸಿ ಅಂತ ಕೇಳೋಕೆ ಮಾಡಿದ್ರೆ ಈಗ್ಲೇ ಇಡಿ. ಹೋದ ಸಲ ನಮ್ಮ ಹುಡುಗೀರು ಅತ್ಕೊಂಡು ಅತ್ಕೊಂಡು ತುಂಬಿದ್ರು. ಒಬ್ಬಳು ಮೊದಲನೇ ಸಲ ಬಾಯಿ ಬಿಟ್ಟಿದ್ದೇ ನಿಮ್ಮ ಆ ಹಾಳು ಪ್ರಶ್ನೆಗೆ. ಏನಾಯ್ತು ಅಂತ ಒಬ್ಬರೂ ಹೇಳಲಿಲ್ಲ ನಮಗೆ."

"ಅದನ್ನ ಹೇಳೋಕೇ ಮಾಡಿದೆ," ಎಂದಳು ಕೊರಾಲೀ. ಹೇಳಿದಳು. ಒಂದೇ ವಿಳಾಸ ಎಂಬ ಕಾರಣ, ತನ್ನ ನಿಯಮ, ತಾನು ಒತ್ತಿದ ಗುಂಡಿ, ಪ್ರಬಂಧದ ಆ ಪ್ಯಾರಾ. ನಡುವೆ ಎಲ್ಲೂ 'ನಾವು' ಎನ್ನಲಿಲ್ಲ. ಹೇಳಿ ಮುಗಿಸಿ ಬೈಗುಳಕ್ಕೆ ಕಾದಳು. ಬೈದರೆ ಅರ್ಧ ಭಾರ ಇಳಿಯುತ್ತದೆಂದು ತಾನು ಆಸೆಪಡುತ್ತಿರುವುದೂ ಅವಳಿಗೆ ತಿಳಿಯಿತು.

ಹೆಂಗಸು ಬೈಯಲಿಲ್ಲ. ಡ್ರಾಯರ್ ಎಳೆದ ಸದ್ದಾಯಿತು. "ನಿಮ್ಮ ಹೆಸರು ಏನಂದ್ರಿ?"

"ಕೊರಾಲೀ ಎಂಬರ್ಲಿ."

"ನಿಧಾನ. ಒಂದೊಂದೇ ಅಕ್ಷರ ಹೇಳಿ. ಅವರು ಕೇಳಿದ್ರೆ ನಾನು ಹೇಳ್ಬೇಕಲ್ಲ, ಯಾರು ಅಂತ."

ಕೊರಾಲೀ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳತೊಡಗಿದಳು. ಆ ಕಡೆಯಿಂದ ಪೆನ್ಸಿಲ್ಲು ಕಾಗದವನ್ನು ಗೀರುವ ಸದ್ದು ಕೇಳುತ್ತಿತ್ತು.